ಆಟದ ನಿಯಮ ಎಲ್ಲರದು, ಆಟದ ರೂಪ ಕಟ್ಟಿದವರದು

ಆನ್‌ಲೈನ್ ಗೇಮ್ ಕಟ್ಟಿದವರಿಗೆ ಕಾಟ ಎರಡು ದಿಕ್ಕಿನಿಂದ ಬರುತ್ತದೆ. ಒಬ್ಬ ಗೇಮಿನ ಒಳಕ್ಕೇ ನುಗ್ಗುತ್ತಾನೆ. ಸರ್ವರ್ ಕೆಡವುತ್ತಾನೆ, ಆಟಗಾರರ ಖಾತೆ ಕದಿಯುತ್ತಾನೆ, ದುಡ್ಡು ಕೊಟ್ಟು ಪಡೆಯಬೇಕಾದ ನಾಣ್ಯ, ಆಯುಧಗಳನ್ನು ಪುಕ್ಕಟೆ ಕೊಡುವ ‘ಮಾಡ್’ ಆವೃತ್ತಿಯನ್ನು ಹಂಚುತ್ತಾನೆ. ಇನ್ನೊಬ್ಬ ಒಳಗೆ ಕಾಲಿಡದೆ, ಗೆದ್ದ ಗೇಮನ್ನು ನೋಡಿಕೊಂಡು ಅಂಥದ್ದೇ ಒಂದನ್ನು ಆ್ಯಪ್ ಸ್ಟೋರಿಗೆ ಬಿಡುತ್ತಾನೆ. ಮೊದಲನೆಯವನ ವಿರುದ್ಧ ಮುಖ್ಯವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆ ನೆರವಿಗೆ ಬರುತ್ತದೆ; ಎರಡನೆಯವನ ವಿರುದ್ಧ ಹಕ್ಕುಸ್ವಾಮ್ಯ ಮತ್ತು ಟ್ರೇಡ್‌ಮಾರ್ಕ್ ಕಾಯ್ದೆಗಳು.

ನಕಲಿನ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಆಟದ ನಿಯಮ ಯಾರ ಸ್ವತ್ತೂ ಅಲ್ಲ. ಆಟ ಆಡುವ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ ಎಂದು ಭಾರತದ ಪೇಟೆಂಟ್ ಕಾಯ್ದೆಯ 3(ಎಂ) ಕಲಂ ನೇರವಾಗಿಯೇ ಹೇಳುತ್ತದೆ. ಹಕ್ಕುಸ್ವಾಮ್ಯ ಇರುವುದು ಕಲ್ಪನೆಗಲ್ಲ, ಆ ಕಲ್ಪನೆ ತಳೆದ ರೂಪಕ್ಕೆ ಎಂಬುದನ್ನು ಸುಪ್ರೀಂ ಕೋರ್ಟ್ 1978ರಲ್ಲಿ, ನಾಟಕ ಮತ್ತು ಸಿನಿಮಾ ಕುರಿತ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಂದೇ ಬಣ್ಣದ ಮೂರು ಹಣ್ಣು ಕೂಡಿಸಿದರೆ ಅಂಕ ಎಂಬ ನಿಯಮವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಆ ಹಣ್ಣುಗಳ ಚಿತ್ರ, ಸಂಗೀತ, ಪಾತ್ರ, ಪರದೆಯ ವಿನ್ಯಾಸ ಮತ್ತು ಸೋರ್ಸ್ ಕೋಡ್ ಅವನ್ನು ರಚಿಸಿದವರಿಗೆ ಸೇರಿದವು.

ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದಕ್ಕೆ ‘ಸ್ಕ್ರಾಬ್ಯುಲಸ್’ ಪ್ರಕರಣ ಒಳ್ಳೆಯ ಪಾಠ. ಕೋಲ್ಕತ್ತದ ಇಬ್ಬರು ಸಹೋದರರು ಮಣೆಯ ಮೇಲೆ ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನೇ ಹೋಲುವ ಗೇಮೊಂದನ್ನು ಈ ಹೆಸರಿನಲ್ಲಿ ಮಾಡಿದ್ದರು. ಫೇಸ್‌ಬುಕ್‌ನಲ್ಲಿ ಅದು ಬಹಳ ಬೇಗ ಹಬ್ಬಿತು. ಅಮೆರಿಕ ಮತ್ತು ಕೆನಡಾದ ಹೊರಗೆ ಸ್ಕ್ರ್ಯಾಬಲ್ ಹಕ್ಕು ಹೊಂದಿದ್ದ ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ಸೆಪ್ಟೆಂಬರ್‌ನಲ್ಲಿ ಬಂದ ಮಧ್ಯಂತರ ಆದೇಶ ಮ್ಯಾಟೆಲ್‌ಗೆ ಅರ್ಧ ಗೆಲುವನ್ನಷ್ಟೇ ಕೊಟ್ಟಿತು. ಮಣೆಯ ಮೇಲಿನ ಬಣ್ಣದ ಚೌಕಗಳಿಗೆ ನಿಯಮಗಳಿಲ್ಲದೆ ಅರ್ಥವೇ ಇಲ್ಲ, ಹಾಗಾಗಿ ಅವುಗಳ ಮೇಲೆ ಹಕ್ಕುಸ್ವಾಮ್ಯದ ತಡೆಯಾಜ್ಞೆ ಕೊಡಲಾಗದು ಎಂದಿತು ಕೋರ್ಟು. ಹೆಸರಿನ ವಿಷಯದಲ್ಲಿ ಮಾತ್ರ ಮ್ಯಾಟೆಲ್ ಗೆದ್ದಿತು. ‘ಸ್ಕ್ರಾಬ್ಯುಲಸ್’ ಎಂಬ ಹೆಸರು ಬಿಡಬೇಕಾಯಿತು. ಆಟ ‘ಲೆಕ್ಸ್ಯುಲಸ್’ ಆಗಿ ಮುಂದುವರಿಯಿತು.

ರೂಪದ ನಕಲು ಅತಿಯಾದರೆ ಕೋರ್ಟು ಸುಮ್ಮನಿರುವುದಿಲ್ಲ ಎಂಬುದಕ್ಕೆ ಅಮೆರಿಕದ ಟೆಟ್ರಿಸ್ ಪ್ರಕರಣ ಸಾಕ್ಷಿ. ಕ್ಸಿಯೋ ಎಂಬ ಕಂಪನಿ ಐಫೋನ್‌ಗಾಗಿ ‘ಮಿನೊ’ ಎಂಬ ಗೇಮ್ ಮಾಡಿತ್ತು. ಟೆಟ್ರಿಸ್ ನೋಡಿ ಮಾಡಿದ್ದು ಹೌದು, ಆದರೆ ತೆಗೆದುಕೊಂಡದ್ದು ನಿಯಮಗಳನ್ನು ಮಾತ್ರ ಎಂದು ಅದು ವಾದಿಸಿತು. ನ್ಯೂಜೆರ್ಸಿಯ ಫೆಡರಲ್ ಕೋರ್ಟು 2012ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವುದು ನಿಯಮ. ಆದರೆ ತುಂಡುಗಳ ಆಕಾರ ಮತ್ತು ಬಣ್ಣದ ಮೆರುಗು, ಹತ್ತು ಚೌಕ ಅಗಲ ಇಪ್ಪತ್ತು ಚೌಕ ಎತ್ತರದ ಅಂಗಳ, ತುಂಡು ಎಲ್ಲಿಗೆ ಬೀಳುತ್ತದೆಂದು ತೋರಿಸುವ ನೆರಳು ಇವೆಲ್ಲ ಬೇರೆ ರೀತಿಯಲ್ಲೂ ಮಾಡಬಹುದಾಗಿದ್ದ ಆಯ್ಕೆಗಳು. ಅವನ್ನೂ ಇದ್ದ ಹಾಗೆಯೇ ಎತ್ತಿಕೊಂಡದ್ದು ಉಲ್ಲಂಘನೆ ಎಂದಿತು.

ಸಣ್ಣ ಸ್ಟುಡಿಯೊಗಳ ಮಟ್ಟಿಗೆ ಹೆಸರು ಮತ್ತು ಲೋಗೊವಿನ ಟ್ರೇಡ್‌ಮಾರ್ಕ್ ನೋಂದಣಿಯೇ ಎಲ್ಲಕ್ಕಿಂತ ಗಟ್ಟಿ ಆಸರೆ. ಸಾಫ್ಟ್‌ವೇರ್‌ಗೆ 9ನೇ ವರ್ಗ, ಮನರಂಜನೆಗೆ 41ನೇ ವರ್ಗ. ಹತ್ತು ವರ್ಷಕ್ಕೊಮ್ಮೆ ನವೀಕರಣ. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿಟ್ಟರೆ ಕೋರ್ಟಿನಲ್ಲಿ ದಾಖಲೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನವರು ಕಡೆಗಣಿಸುವುದು, ಒಪ್ಪಂದದ ಕಾಗದ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ. ಹೊರಗಿನ ಫ್ರೀಲಾನ್ಸರ್‌ನಿಂದ ಬರೆಸಿದ ಕೋಡ್ ಹಾಗಲ್ಲ. ಹಣ ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಸಹಿ ಮಾಡಿದ ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಭಾವಿಸಿಕೊಳ್ಳುತ್ತದೆ. ಜಗತ್ತಿನಾದ್ಯಂತ ಡೌನ್‌ಲೋಡ್ ಆಗುವ ಗೇಮಿಗೆ ಇದು ದೊಡ್ಡ ಕುತ್ತು.

ಹ್ಯಾಕರ್‌ಗಳ ಕಥೆ ಬೇರೆ. ಅನುಮತಿಯಿಲ್ಲದೆ ಸರ್ವರ್ ಪ್ರವೇಶಿಸುವುದು, ದತ್ತಾಂಶ ನಕಲಿಸುವುದು, ಸೇವೆ ಸ್ಥಗಿತಗೊಳಿಸುವುದು, ಸೋರ್ಸ್ ಕೋಡ್ ಕದಿಯುವುದು ಇವೆಲ್ಲ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನೊಳಗೆ ಬರುತ್ತವೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕದಲ್ಲಿ ದೂರು ಕೊಡಲು ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ನಷ್ಟ ಪರಿಹಾರ ಬೇಕಾದರೆ ದಾರಿ ಬೇರೆ: ಐದು ಕೋಟಿ ರೂಪಾಯಿವರೆಗಿನ ಬೇಡಿಕೆಗಳನ್ನು ಕಾಯ್ದೆಯಡಿ ನೇಮಕವಾದ ನ್ಯಾಯನಿರ್ಣಯ ಅಧಿಕಾರಿ ವಿಚಾರಿಸುತ್ತಾರೆ. ಈ ಎರಡನೇ ದಾರಿ ಇದೆ ಎಂಬುದೇ ಎಷ್ಟೋ ಸ್ಟುಡಿಯೊಗಳಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಚೀಟ್ ಮತ್ತು ಬಾಟ್ ತಯಾರಿಸಿ ಮಾರುವವರನ್ನು ಹಿಡಿಯುವುದು ಕಷ್ಟ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಗೇಮನ್ನು ತಾನೇ ಆಡುವ ‘ಗ್ಲೈಡರ್’ ಎಂಬ ಬಾಟ್ ಸುಮಾರು 1,20,000 ಪ್ರತಿ ಮಾರಾಟವಾಗಿತ್ತು. ಬಾಟ್ ಬಳಸುವುದು ಗೇಮಿನ ಷರತ್ತಿಗೆ ವಿರುದ್ಧವಾದರೂ ಅಷ್ಟರಿಂದಲೇ ಹಕ್ಕುಸ್ವಾಮ್ಯ ಉಲ್ಲಂಘನೆಯಾಗದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. ಬಾಟ್ ಮಾರಿದವರು ಸಿಕ್ಕಿಬಿದ್ದದ್ದು ಬೇರೊಂದು ಕಾರಣಕ್ಕೆ: ‘ವಾರ್ಡನ್’ ಎಂಬ ಕಾವಲು ತಂತ್ರಾಂಶದ ಕಣ್ಣುತಪ್ಪಿಸಿದ್ದಕ್ಕೆ. ಭಾರತದಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಇಂಥ ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ವಿಧಿಸುತ್ತದೆ. ಆದರೆ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿತ್ತೆಂದು ಸಾಬೀತಾಗಬೇಕು. ಮಾಡ್ ಆವೃತ್ತಿ ಹಂಚುವವರ ಮೇಲೆ ಇದನ್ನು ಹೊರಿಸುವುದು ಸುಲಭ, ಕೇವಲ ಗುರಿ ಹಿಡಿಯಲು ನೆರವಾಗುವ ಚೀಟ್ ಮಾರುವವರ ಮೇಲೆ ಅಷ್ಟು ಸುಲಭವಲ್ಲ.

ಇವೆಲ್ಲ ನಿಲ್ಲುವುದು ಸಾಕ್ಷ್ಯದ ಮೇಲೆ. ಸರ್ವರ್ ಲಾಗ್‌ಗಳನ್ನು ತಿದ್ದದೆ ತೆಗೆದಿಡಬೇಕು, ನಕಲಿ ಗೇಮನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಲಗತ್ತಿಸಬೇಕು, ಅದರಲ್ಲಿ ಫೈಲಿನ ಡಿಜಿಟಲ್ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು.

ಎಲ್ಲಕ್ಕಿಂತ ಬೇಗ ಫಲ ಕೊಡುವುದು ತೆರವು ನೋಟಿಸ್. ಆ್ಯಪ್ ಸ್ಟೋರ್‌ಗಳಲ್ಲಿ ಇದಕ್ಕೆಂದೇ ಅರ್ಜಿ ನಮೂನೆಗಳಿವೆ. ಭಾರತದ 2013ರ ಹಕ್ಕುಸ್ವಾಮ್ಯ ನಿಯಮಗಳಡಿ ಕೊಟ್ಟ ದೂರು ಸರಿಯಿದೆ ಎನ್ನಿಸಿದರೆ ಮಧ್ಯವರ್ತಿ ಜಾಲತಾಣ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ದೂರುದಾರರು 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ತಡೆಹಿಡಿದ ಗೇಮ್ ಮತ್ತೆ ತೆರೆದುಕೊಳ್ಳಬಹುದು. ಅಂದರೆ ನೋಟಿಸ್ ಕಳಿಸುವ ದಿನವೇ ವಕೀಲರ ಕೈಯಲ್ಲಿ ದಾವೆಯ ಕಡತ ಸಿದ್ಧವಿರಬೇಕು. ಆಧಾರವಿಲ್ಲದೆ ಬೆದರಿಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 60ನೇ ಕಲಮಿನಡಿ ಎದುರಾಳಿಯೇ ದಾವೆ ಹೂಡಬಹುದು.

ದಾವೆ ಹೂಡಲು ಎದುರಾಳಿಯ ಊರಿಗೇ ಹೋಗಬೇಕೆಂದಿಲ್ಲ. ಹಕ್ಕುಸ್ವಾಮ್ಯ ಅಥವಾ ನೋಂದಾಯಿತ ಟ್ರೇಡ್‌ಮಾರ್ಕ್ ಉಲ್ಲಂಘನೆಯಾದಾಗ ಹಕ್ಕುದಾರರು ತಾವು ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯಕ್ಕೇ ಹೋಗಬಹುದು. ನೋಂದಣಿಯಾಗದ ಹೆಸರಿಗೆ ಈ ಅನುಕೂಲವಿಲ್ಲ. ನಕಲು ಮಾಡಿದವರು ಯಾರೆಂದೇ ತಿಳಿಯದಿದ್ದರೂ ಅನಾಮಧೇಯ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂದು ಹೆಸರಿಸಿ ತಡೆಯಾಜ್ಞೆ ಕೇಳುವ ಪದ್ಧತಿ ನಮ್ಮ ಹೈಕೋರ್ಟುಗಳಲ್ಲಿದೆ. ಒಂದು ಕಡೆ ಮುಚ್ಚಿಸಿದ ಅಕ್ರಮ ತಾಣ ಬೇರೆ ವಿಳಾಸದಲ್ಲಿ ತಲೆಯೆತ್ತಿದರೆ ಹೊಸ ದಾವೆಯಿಲ್ಲದೆ ಅದಕ್ಕೂ ಆದೇಶ ವಿಸ್ತರಿಸುವ ವ್ಯವಸ್ಥೆಯನ್ನು ದೆಹಲಿ ಹೈಕೋರ್ಟ್ 2019ರಲ್ಲಿ, ಸಿನಿಮಾ ಪೈರಸಿಗೆ ಸಂಬಂಧಿಸಿದ ಯುಟಿವಿ ಪ್ರಕರಣದಲ್ಲಿ ರೂಪಿಸಿತು.