ದೂರದ ತರಗತಿಯಲ್ಲಿ ಪ್ರತಿವಚನದ ಸ್ಥಾನ

ಪಾಠವೆಂಬುದು ಉಪಾಧ್ಯಾಯನ ವಚನಮಾತ್ರದಿಂದ ಸಿದ್ಧಿಸುವುದಲ್ಲ. ಶಿಷ್ಯನ ಪ್ರತಿವಚನವೂ ಅದರ ಅಂಗವೇ ಆಗಿದೆ. ಯಂತ್ರಮುಖದಿಂದ ನಡೆಯುವ ದೂರದ ತರಗತಿಗಳ ಗುಣದೋಷಗಳನ್ನು ನಿರ್ಣಯಿಸುವುದಕ್ಕೆ ಈ ತತ್ತ್ವವೇ ತಕ್ಕ ಅಳತೆಗೋಲು.

ಇಂತಹ ಬೋಧನೆಯು ಕನ್ನಡನಾಡಿಗೆ ಹೊಸತಲ್ಲ. 1975ನೆಯ ಆಗಸ್ಟಿನಿಂದ ಒಂದು ವರ್ಷಕಾಲ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ನಡೆದ ದೂರದರ್ಶನ ಬೋಧನಾಪ್ರಯೋಗದಲ್ಲಿ ಭಾರತದ ಆರು ರಾಜ್ಯಗಳ ಸುಮಾರು 2400 ಗ್ರಾಮಗಳು ಸೇರಿದ್ದುವು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಗ್ರಾಮಗಳಲ್ಲಿ ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕನ್ನಡದ ಕಾರ್ಯಕ್ರಮಗಳು ಪ್ರಸಾರವಾದುವು. ಆದರೆ ಚಿತ್ರವೂ ಧ್ವನಿಯೂ ಬಂದ ದಾರಿಯಲ್ಲಿ ಮಕ್ಕಳ ಪ್ರಶ್ನೆಯು ಹಿಂದಿರುಗುವಂತಿರಲಿಲ್ಲ. 2004ನೆಯ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಉಡಾಯಿಸಲ್ಪಟ್ಟ ಎಜುಸ್ಯಾಟ್ ಉಪಗ್ರಹವು ಶಿಕ್ಷಣಕ್ಕೆಂದೇ ನಿರ್ಮಿತವಾದುದು. ಅದರ ಜಾಲದಲ್ಲಿ ಪಾಠವನ್ನು ಸ್ವೀಕರಿಸುವ ಕೇಂದ್ರಗಳಲ್ಲದೆ ಮರುಮಾತನ್ನು ಕಳುಹಿಸಬಲ್ಲ ಕೇಂದ್ರಗಳೂ ಇದ್ದುವು. ಪ್ರಾರಂಭದ ಪ್ರಯೋಗದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಪಾಲುಗೊಂಡಿತು.

2020ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಲು, ಜೂಮ್, ಗೂಗಲ್ ಮೀಟ್ ಮೊದಲಾದ ಸಾಧನಗಳಲ್ಲಿ ಆನ್‌ಲೈನ್ ತರಗತಿಗಳು ನಡೆದುವು. ಪ್ರತಿವಚನದ ದಾರಿಯು ಈಗ ತೆರೆದಿತ್ತು. ಆದರೂ ಮೊಬೈಲ್ ಇಲ್ಲದ, ಸಿಗ್ನಲ್ ದೊರೆಯದ ಶಿಷ್ಯನ ಪಾಲಿಗೆ ಅದು ಮುಚ್ಚಿದಂತೆಯೇ ಸರಿ. ಸಂಪರ್ಕವುಳ್ಳವನೂ ಕ್ಯಾಮೆರಾವನ್ನು ಆರಿಸಿ ಸುಮ್ಮನಿದ್ದರೆ, ಅವನ ಮೌನವು ಗ್ರಹಿಕೆಯದೋ ಬೇಸರದ್ದೋ ಎಂಬುದು ತಿಳಿಯದು. ಪದ್ಯವನ್ನು ಓದುತ್ತ ಶಿಷ್ಯರ ಮುಖಭಾವವನ್ನು ನೋಡಿ ವ್ಯಾಖ್ಯಾನವನ್ನು ಹಿಗ್ಗಿಸಿ ಕುಗ್ಗಿಸುವ ಸಾಹಿತ್ಯೋಪಾಧ್ಯಾಯನಿಗೆ ಇದು ಸಾಮಾನ್ಯವಾದ ನಷ್ಟವಲ್ಲ.

ಈ ನಷ್ಟವನ್ನು ಕೆಲಮಟ್ಟಿಗೆ ತುಂಬತಕ್ಕ ಸಾಧನವೊಂದುಂಟು. ಗೂಗಲ್ ಡಾಕ್ಸ್‌ನಂತಹ ಸಾಧನದಲ್ಲಿ ಒಂದೇ ಬರಹವನ್ನು ಅನೇಕರು ಏಕಕಾಲದಲ್ಲಿ ತಿದ್ದಬಹುದು. ಹಿಂದಿನ ರೂಪಗಳೂ ಅಲ್ಲಿ ಉಳಿದಿರುತ್ತವೆ. ಹಳಗನ್ನಡದ ಪದ್ಯವೊಂದನ್ನು ಅಲ್ಲಿರಿಸಿ, ಒಬ್ಬನು ಪದಚ್ಛೇದವನ್ನೂ ಮತ್ತೊಬ್ಬನು ಅನ್ವಯವನ್ನೂ ಬರೆಯುವಂತೆ ಮಾಡಿದರೆ, ಮೂರನೆಯವನು ಆಕ್ಷೇಪವನ್ನು ಅಂಚಿನಲ್ಲಿ ಸೂಚಿಸಬಲ್ಲನು. ಪಾಠಾಂತರಗಳನ್ನು ಹೋಲಿಸುವ ಗ್ರಂಥಸಂಪಾದಕನಂತೆ ಉಪಾಧ್ಯಾಯನು ಆ ರೂಪಗಳನ್ನು ಪರಿಶೀಲಿಸಿದರೆ, ಶಿಷ್ಯನು ಎಲ್ಲಿ ತಪ್ಪಿದನು, ಹೇಗೆ ತಿದ್ದಿಕೊಂಡನು ಎಂಬುದು ವ್ಯಕ್ತವಾಗುತ್ತದೆ. ತರಗತಿಯಲ್ಲಿ ಮಾತನಾಡಲು ಸಂಕೋಚಪಡುವವನಿಗೂ ಇಲ್ಲಿ ಅವಕಾಶವುಂಟು.

ಹೀಗಿರಲು, ಎಷ್ಟು ಮಂದಿಗೆ ಪಾಠವು ಮುಟ್ಟಿತೆಂಬುದಕ್ಕಿಂತ ಎಷ್ಟು ಮಂದಿಯ ಪ್ರತಿವಚನವು ಉಪಾಧ್ಯಾಯನನ್ನು ಮುಟ್ಟಿತೆಂಬುದೇ ಮುಖ್ಯವಾಗಿ ವಿಚಾರಿಸತಕ್ಕ ಅಂಶವು. ಆ ದಾರಿಯು ಬಡಶಿಷ್ಯನಿಗೂ ತೆರೆಯುವವರೆಗೆ ದೂರದ ಪಾಠವು ಪ್ರಸಾರವೆನಿಸುವುದೇ ಹೊರತು ತರಗತಿಯೆನಿಸಲಾರದು.