ಮೋಡ ಕವಿದರೆ ಮುಚ್ಚುವ ವೆಬ್‌ಸೈಟು, ಶೂ ಲೇಸಿನ ಪ್ರೊಫೆಸರು

ಬಾರ್ಸಿಲೋನಾದಲ್ಲಿ ಮೋಡ ಕವಿದುಕೊಂಡರೆ ಮುಚ್ಚಿಹೋಗುವ ವೆಬ್‌ಸೈಟ್ ಒಂದಿದೆ ಎಂದರೆ ನಂಬುತ್ತೀರಾ? ಇದೆ! ಹೆಸರು ‘ಲೋ-ಟೆಕ್ ಮ್ಯಾಗಝೀನ್’. ಅದನ್ನು ನಡೆಸುವ ಕ್ರಿಸ್ ಡಿ ಡೆಕ್ಕರ್ 2018ರಲ್ಲಿ ತಮ್ಮ ಪತ್ರಿಕೆಗೆ ಬಿಸಿಲಿನಿಂದಲೇ ನಡೆಯುವ ಒಂದು ತಾಣ ಕಟ್ಟಿದರು. ಮನೆಯ ಬಾಲ್ಕನಿಯಲ್ಲಿ ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ, ಒಂದು ಪುಟಾಣಿ ಕಂಪ್ಯೂಟರ್. ಅಷ್ಟೇ! ಬಿಸಿಲಿದ್ದರೆ ಪತ್ರಿಕೆ ಉಂಟು, ಮೋಡ ಬಿಡದೆ ಕೂತರೆ ಇಲ್ಲ. ಪುಟ ತೆರೆದು ನೋಡಿ: ಹಿನ್ನೆಲೆಯ ಬಣ್ಣ ಒಂದು ಮಟ್ಟಕ್ಕೆ ಬಂದು ಬದಲಾಗುತ್ತದೆ. ಅಲಂಕಾರಕ್ಕಿರಬೇಕು ಅಂದುಕೊಳ್ಳುತ್ತೇವೆ. ಆದರೆ ಆ ಗೆರೆ ಇರುವುದು ಆ ಗಳಿಗೆಯಲ್ಲಿ ಬ್ಯಾಟರಿ ಎಷ್ಟು ತುಂಬಿದೆಯೋ ಅಷ್ಟೆತ್ತರದಲ್ಲಿ! ನಾವು ಓದುತ್ತಿರುವ ಸಾಲುಗಳ ಹಿಂದೆಯೇ ಬೇರೊಂದು ಊರಿನ ಬಿಸಿಲು ಏರುತ್ತದೆ, ಇಳಿಯುತ್ತದೆ. ಅಲ್ಲಿನ ನಾಳೆಯ ಹವಾಮಾನವನ್ನೂ ಪುಟದಲ್ಲೇ ಬರೆದಿರುತ್ತಾರೆ.

ನಾಲ್ಕೈದು ಆ್ಯಪುಗಳಲ್ಲೇ ದಿನ ಕಳೆಯುವ ನಮಗೆ ಇಂಟರ್ನೆಟ್ಟಿನಲ್ಲಿ ಇಂಥ ಮೂಲೆಗಳಿವೆ ಎಂಬುದೇ ಮರೆತುಹೋಗಿದೆ. ಜಾಹೀರಾತಿಲ್ಲ, ‘ನಿಮಗಾಗಿ’ ಎಂದು ತಳ್ಳಿದ ವಿಡಿಯೊ ಇಲ್ಲ. ಒಬ್ಬರು ಮನಸ್ಸಿಟ್ಟು ತಮ್ಮ ಕೈಯಾರೆ ಕಟ್ಟಿದ ಪುಟ, ಅದನ್ನು ಹುಡುಕಿಕೊಂಡು ಹೋದ ನಾವು, ಇಷ್ಟೇ.

ಆಸ್ಟ್ರೇಲಿಯಾದ ಇಯಾನ್ ಫೀಗನ್ ಅವರ ತಾಣಕ್ಕೆ ಬನ್ನಿ. ಅವರು ಇಡೀ ತಾಣವನ್ನೇ ಕಟ್ಟಿರುವುದು ಶೂ ಲೇಸಿನ ಮೇಲೆ! ಜನ ಅವರನ್ನು ‘ಪ್ರೊಫೆಸರ್ ಶೂಲೇಸ್’ ಎಂದೇ ಗುರುತಿಸುತ್ತಾರೆ. ಏಣಿಯ ಹಾಗೆ, ಜೇಡರ ಬಲೆಯ ಹಾಗೆ ಲೇಸು ಪೋಣಿಸುವ ಬಗೆಬಗೆಯ ವಿಧಾನಗಳಿಗೆ ಒಂದೊಂದಕ್ಕೂ ಚಿತ್ರ, ಬಣ್ಣ, ವಿವರ. ಆರು ಜೊತೆ ತೂತುಗಳಿರುವ ಒಂದು ಶೂಗೆ ಎಷ್ಟು ರೀತಿಯಲ್ಲಿ ಲೇಸು ಹಾಕಬಹುದು ಎಂದು ಗಣಿತ ಬಿಡಿಸಿ ತೋರಿಸಿದ್ದಾರೆ: ಹೆಚ್ಚುಕಡಿಮೆ 2 ಲಕ್ಷ ಕೋಟಿ! ಎರಡು ಕುಣಿಕೆಗಳನ್ನು ಒಟ್ಟಿಗೇ ಒಂದರೊಳಗೊಂದು ತೂರಿಸಿ ಕಣ್ಣುಮಿಟುಕಿಸುವಷ್ಟರಲ್ಲಿ ಬಿಗಿಯುವ ಗಂಟೊಂದನ್ನು ಕಂಡುಹಿಡಿದು ಅದಕ್ಕೆ ತಮ್ಮದೇ ಹೆಸರಿಟ್ಟಿದ್ದಾರೆ. ನನಗೆ ಅದಕ್ಕಿಂತಲೂ ಬೆರಗು ಹುಟ್ಟಿಸಿದ್ದು ಅವರ ಒಂದು ಸಣ್ಣ ಸಲಹೆ. ನಿಮ್ಮ ಶೂ ಈಗಲೇ ನೋಡಿಕೊಳ್ಳಿ. ಕಟ್ಟಿದ ಲೇಸಿನ ಕುಣಿಕೆಗಳು ಅಡ್ಡಡ್ಡ ಮಲಗದೆ ಬೆರಳಿನ ಕಡೆಗೂ ಹಿಮ್ಮಡಿಯ ಕಡೆಗೂ ತಿರುಗಿಕೊಂಡಿವೆಯೇ? ಹಾಗಾದರೆ ಮೊದಲ ಗಂಟನ್ನು ಉಲ್ಟಾ ದಿಕ್ಕಿನಲ್ಲಿ ಹಾಕಿ. ಕುಣಿಕೆ ನೆಟ್ಟಗೆ ಕೂರುತ್ತದೆ, ನಡುದಾರಿಯಲ್ಲಿ ಪದೇ ಪದೇ ಬಿಚ್ಚಿಕೊಳ್ಳುವ ಕಾಟವೂ ತಪ್ಪುತ್ತದೆ. ಚಿಕ್ಕಂದಿನಿಂದ ಕಟ್ಟುತ್ತಲೇ ಬಂದಿದ್ದೇವೆ, ಇದನ್ನು ನಮಗೆ ಯಾರೂ ಹೇಳಿರಲೇ ಇಲ್ಲವಲ್ಲ!

ಇನ್ನು ಜೋಶ್ ವರ್ತ್ ಎಂಬ ಅಮೆರಿಕದ ವಿನ್ಯಾಸಕ 2014ರಲ್ಲಿ ಮಾಡಿದ ಪುಟ. ಚಂದ್ರನನ್ನು ಪರದೆಯ ಮೇಲೆ ಒಂದೇ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್ ಎಂದಿಟ್ಟುಕೊಂಡರೆ ಸೌರಮಂಡಲ ಎಷ್ಟು ದೊಡ್ಡದಿರುತ್ತದೆ? ಆ ಲೆಕ್ಕದಲ್ಲಿ ಸೂರ್ಯನ ಅಗಲ 400 ಚುಕ್ಕಿ, ಭೂಮಿ ನಾಲ್ಕಕ್ಕೂ ಕಮ್ಮಿ. ಪಕ್ಕಕ್ಕೆ ಸ್ಕ್ರಾಲ್ ಮಾಡುತ್ತ ಹೋಗಬೇಕು. ಕಪ್ಪು. ಬರೀ ಕಪ್ಪು. ಬೆರಳು ಸೋತರೂ ಕಪ್ಪು! ನಡುನಡುವೆ ಅವರೇ ಬರೆದ ಒಂದೊಂದು ಸಾಲು ಜೊತೆಗೆ ಬರುತ್ತದೆ. ಸೂರ್ಯನಿಂದ ಭೂಮಿಗೆ ಸುಮಾರು 43 ಸಾವಿರ ಚುಕ್ಕಿ ದಾಟಬೇಕು. ಬೆಳಕಿನ ವೇಗದಲ್ಲೇ ಸಾಗುವ ಗುಂಡಿಯೂ ಅಲ್ಲಿದೆ. ಒತ್ತಿ ಕಾದು ನೋಡಿ, ಭೂಮಿ ಮುಟ್ಟಲು ಎಂಟು ನಿಮಿಷ ಚಿಲ್ಲರೆ. ಪರದೆ ಅಷ್ಟು ನಿಧಾನಕ್ಕೆ ಜರುಗುವಾಗ ಎದೆ ಝಲ್ಲೆನ್ನುತ್ತದೆ: ಜಗತ್ತಿನಲ್ಲೇ ಅತಿ ವೇಗದ್ದು ಹೋಗುವುದು ಇಷ್ಟೇನಾ! ಶಾಲೆಯ ಗೋಡೆಯ ಚಿತ್ರಪಟದಲ್ಲಿ ಒಂಬತ್ತು ಗ್ರಹಗಳು ಬಸ್ಸಿನ ಕ್ಯೂ ನಿಂತಂತೆ ಒತ್ತೊತ್ತಾಗಿದ್ದವು. ಆ ಚಿತ್ರ ನನ್ನ ತಲೆಯಿಂದ ಅಳಿಸಿದ್ದು ಈ ಪುಟ.

ಇವೆಲ್ಲ ಸಿಗುವುದೆಲ್ಲಿ? ‘ವೈಬಿ’ ಎಂಬ ಸರ್ಚ್ ಎಂಜಿನ್ ಇದೆ, ಸರಳವಾದ, ಹವ್ಯಾಸಿಗಳು ಕಟ್ಟಿದ ಪುಟಗಳನ್ನಷ್ಟೇ ಅದು ಹುಡುಕಿಕೊಡುತ್ತದೆ. ಏನು ಹುಡುಕುವುದೆಂದು ತೋಚದಿದ್ದರೆ ‘ಸರ್ಪ್ರೈಸ್ ಮಿ’ ಒತ್ತಿ, ಎಲ್ಲಿಗೆ ಹೋಗಿ ಬೀಳುತ್ತೀರೋ ದೇವರೇ ಬಲ್ಲ! ಕೆಲವು ಪುಟಗಳ ಅಡಿಯಲ್ಲಿ ‘ವೆಬ್‌ರಿಂಗ್’ ಕಾಣುತ್ತದೆ. 90ರ ದಶಕದ ಪದ್ಧತಿ ಅದು: ಒಂದೇ ಆಸಕ್ತಿಯವರು ಒಬ್ಬರಿಗೊಬ್ಬರು ಲಿಂಕ್ ಕೊಟ್ಟುಕೊಂಡು ಬಳೆಯಂತೆ ಸುತ್ತುತ್ತಾರೆ, ‘ಮುಂದಿನದು’ ಒತ್ತುತ್ತಲೇ ಹೋದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ.

1994ರಲ್ಲಿ ಶುರುವಾದ ‘ಜಿಯೋಸಿಟೀಸ್’ ಇಂಥ ಪುಟಗಳ ದೊಡ್ಡ ಊರೇ ಆಗಿತ್ತು, ಬಡಾವಣೆಗಳ ಸಮೇತ. ಯಾಹೂ ಅದನ್ನು 1999ರಲ್ಲಿ ಕೊಂಡಿತು, 2009ರಲ್ಲಿ ಮುಚ್ಚಿತು. ಲಕ್ಷಾಂತರ ಪುಟಗಳು ಅಳಿಯುವ ಹೊತ್ತಿಗೆ ‘ಆರ್ಕೈವ್ ಟೀಮ್’ ಎಂಬ ಸ್ವಯಂಸೇವಕರು ಹಗಲು ರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ಉಳಿಸಿಕೊಂಡರು. ಅವರಿಗೆ ನಾನು ಋಣಿ. 2013ರಲ್ಲಿ ಕೈಲ್ ಡ್ರೇಕ್ ‘ನಿಯೋಸಿಟೀಸ್’ ಕಟ್ಟಿದರು. ಅಲ್ಲಿ ಯಾರಿಗೆ ಬೇಕಾದರೂ 1 ಜಿಬಿ ಜಾಗ ಉಚಿತ. ಮಿನುಗುವ ನಕ್ಷತ್ರಗಳು, ಮೌಸಿನ ಹಿಂದೆ ಓಡಿಬರುವ ಬೆಕ್ಕಿನ ಮರಿ, ಬಂದವರು ಹೆಸರು ಬರೆದು ಹೋಗುವ ಗೆಸ್ಟ್‌ಬುಕ್, ಎಲ್ಲವೂ ವಾಪಸು ಬಂದಿವೆ!

ಕನ್ನಡದಲ್ಲೂ ಈ ಹುರುಪು ಹೊಸದಲ್ಲ. ಯೂನಿಕೋಡ್ ನಮ್ಮ ಕೈಗೆ ಬರುವ ಎಷ್ಟೋ ಮೊದಲೇ, 1996ರಲ್ಲಿ, ಡಾ. ಯು.ಬಿ. ಪವನಜ ‘ವಿಶ್ವಕನ್ನಡ’ ಎಂಬ ಜಾಲತಾಣ ತಂದರು. ಕನ್ನಡ ಅಕ್ಷರ ಪರದೆಯ ಮೇಲೆ ಮೂಡಿಸುವುದೇ ಸಾಹಸವಾಗಿದ್ದ ಕಾಲ ಅದು. ಈಗ ಫಾಂಟಿನ ತಾಪತ್ರಯವಿಲ್ಲ. ಮೆಚ್ಚಿದ ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿದರೆ ಅದನ್ನು ಹೆಣೆದ ಎಚ್‌ಟಿಎಂಎಲ್ ಸಾಲುಗಳು ಕಣ್ಣೆದುರಿಗೇ ಬಂದು ನಿಲ್ಲುತ್ತವೆ, ನೋಡಿ ಕಲಿಯಬಹುದು. ಒಂದು ಲೇಸಿಗೇ 2 ಲಕ್ಷ ಕೋಟಿ ದಾರಿಗಳಿದ್ದರೆ, 15ರಿಂದ 8ರವರೆಗೆ ಚುಕ್ಕಿ ಇಟ್ಟ ನಮ್ಮ ರಂಗೋಲಿಗೆ ಎಷ್ಟಿರಬೇಕು? ಅದನ್ನು ಲೆಕ್ಕ ಹಾಕಿ, ಒಂದೊಂದೇ ಎಳೆ ಬಿಡಿಸಿ ತೋರಿಸುವ ಪುಟವನ್ನು ಯಾರಾದರೂ ಕಟ್ಟಿ, ದಯವಿಟ್ಟು ಕಟ್ಟಿ!