ಕೊಂಡುದೆಲ್ಲವೂ ಗಳಿಕೆಯೆ?

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಹಿಂದೆ ಗೃಹಸ್ಥರ ಉಳಿತಾಯವು ಗದ್ದೆಗೋ ಒಡವೆಗೋ ಸಲ್ಲುತ್ತಿದ್ದಿತು. ಈಗ ಅದರಲ್ಲೊಂದು ಭಾಗವು ಕಂಪೆನಿಗಳ ಷೇರುಗಳಿಗೂ ಸಲ್ಲುತ್ತಿರುವುದು. ಇಂತಹ ಕಂಪೆನಿಯು ಮತ್ತೊಂದನ್ನು ಕೊಂಡುಕೊಂಡಿತೆಂಬ ವಾರ್ತೆಯನ್ನು ಓದಿದೊಡನೆ, ಅದು ಬೆಳೆಯಿತೆಂದೂ ಅದರ ಪಾಲುದಾರರು ಧನ್ಯರಾದರೆಂದೂ ಭಾವಿಸುವವರೇ ಬಹುಮಂದಿ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂಬುದೇ ನಮ್ಮ ಉದ್ದೇಶ.

ಹೋಲ್ಡಿಂಗ್ ಕಂಪೆನಿಯೆಂದರೇನು? ತಾನೇ ಸರಕನ್ನು ತಯಾರಿಸುವುದಕ್ಕಿಂತ ಹೆಚ್ಚಾಗಿ, ಇತರ ಕಂಪೆನಿಗಳ ಷೇರುಗಳನ್ನು ಹಿಡಿದುಕೊಂಡು ಅವುಗಳ ಮೇಲೆ ಯಜಮಾನಿಕೆ ನಡೆಸತಕ್ಕ ಕಂಪೆನಿ. ಅವಿಭಕ್ತ ಕುಟುಂಬದ ಹಿರಿಯನನ್ನು ನೆನೆದರೆ ಸಾಕು. ದುಡಿಯುವವರು ಮಕ್ಕಳು, ಪೆಟ್ಟಿಗೆಯ ಬೀಗದಕೈ ಹಿರಿಯನಲ್ಲಿ. ಒಬ್ಬ ಮಗನ ಸಾಲಕ್ಕೆ ಹಿರಿಯನು ರುಜುಮಾಡಿದನೆಂದರೆ, ಆ ಸಾಲವು ಉಳಿದ ಮಕ್ಕಳ ದುಡಿಮೆಯ ಫಲವನ್ನೂ ಮುಟ್ಟುವುದು.

ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್ ಕಂಪೆನಿಯ ಬಿಯರ್ ಕಾರ್ಖಾನೆಯಿರುವುದು. ಪಾನೀಯದ ಗುಣದೋಷಗಳು ಇಲ್ಲಿ ಪ್ರಕೃತವಲ್ಲ. ಆ ಬಳಗದ ಲೆಕ್ಕ ಮಾತ್ರ ಪ್ರಕೃತ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಈ ಸಂಸ್ಥೆಯನ್ನು ಕಟ್ಟಿದನು. ಸ್ವಾತಂತ್ರ್ಯದ ಕಾಲಕ್ಕೆ ಅದರ ಆಡಳಿತವು ವಿಠ್ಠಲ ಮಲ್ಯರ ಕೈಗೆ ಬಂದಿತು. ಅವರು 1951ರಲ್ಲಿ ಮೆಕ್‌ಡೊವೆಲ್ ಕಂಪೆನಿಯನ್ನು ಕೊಂಡರು. 1983ರಲ್ಲಿ ಅವರು ತೀರಿಕೊಂಡ ಮೇಲೆ ಮಗ ವಿಜಯ ಮಲ್ಯರು ಅಧ್ಯಕ್ಷರಾದರು. ಬಳಗದ ನೆತ್ತಿಯ ಮೇಲೆ ಕುಳಿತಿದ್ದುದು ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್.

ಮೆಕ್‌ಡೊವೆಲ್ಲಿನ ಖರೀದಿಯು ನಿಧಾನವಾಗಿ ಬೇರೂರಿದ ಮರದಂತೆ ಅರ್ಧ ಶತಮಾನಕ್ಕೂ ಮೀರಿ ಫಲಕೊಟ್ಟಿತು. 2005ರಲ್ಲಿ ಸುಮಾರು 1,300 ಕೋಟಿ ರೂಪಾಯಿಗಳಿಗೆ ಷಾ ವಾಲೇಸ್ ಕಂಪೆನಿಯೂ ಬಂದು ಸೇರಿತು. ಇವೆರಡರ ವ್ಯಾಪಾರವೂ ಯುನೈಟೆಡ್ ಸ್ಪಿರಿಟ್ಸ್ ಎಂಬ ಒಂದೇ ಹೆಸರಿನೊಳಗೆ ಕೂಡಿ, ದೇಶದಲ್ಲಿ ಆ ಕಸುಬಿನ ಅಗ್ರಸ್ಥಾನವನ್ನು ಹಿಡಿಯಿತು. ತಾನು ಬಲ್ಲ ಕಸುಬಿನಲ್ಲಿ ಕೊಂಡುದು ಫಲಿಸಿತೆಂಬುದಕ್ಕೆ ಇದು ಸಾಕ್ಷಿ.

ಇನ್ನು ಬೇರೊಂದು ಬಗೆಯ ಖರೀದಿಯನ್ನು ನೋಡೋಣ. 2007ರಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪೆನಿಯು ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೇ ಎಂಬ ಸಂಸ್ಥೆಯನ್ನು 59.5 ಕೋಟಿ ಪೌಂಡುಗಳಿಗೆ, ಬಹುಮಟ್ಟಿಗೆ ಸಾಲದ ಹಣದಿಂದ, ಕೊಂಡಿತು. 2014ರಲ್ಲಿ ಅದು ಫಿಲಿಪೀನ್ಸಿನ ಕಂಪೆನಿಯೊಂದಕ್ಕೆ 43 ಕೋಟಿ ಪೌಂಡುಗಳಿಗೆ ಮಾರಾಟವಾಯಿತು. ನಷ್ಟವು 16.5 ಕೋಟಿಯೆಂದು ಲೆಕ್ಕ ಮುಗಿಸಿದರೆ ಸಾಲದು. ಸಾಲಮಾಡಿ ತೋಟ ಕೊಂಡವನು ಬಡ್ಡಿಯನ್ನು ಮರೆಯಲಾದೀತೆ? ನೂರಕ್ಕೆ 5ರಂತೆ ಚಕ್ರಬಡ್ಡಿ ಕಟ್ಟಿದರೂ, 59.5 ಕೋಟಿಯು 7 ವರ್ಷಗಳಲ್ಲಿ ಸುಮಾರು 83.7 ಕೋಟಿಯಾಗಬೇಕು. ನಡುವೆ ಕೈಗೆ ಬಂದ ಲಾಭವನ್ನು ಕಳೆದುಕೊಂಡರೂ, ಈ ಅಂತರವನ್ನು ತುಂಬುವುದು ಸುಲಭವಲ್ಲ. ರೂಪಾಯಿಯ ಲೆಕ್ಕದಲ್ಲಿ ನಷ್ಟವು ಚಿಕ್ಕದಾಗಿ ತೋರುವುದು. ಆದರೆ 2007ರಲ್ಲಿ ಸುಮಾರು 80 ರೂಪಾಯಿಗಳಿದ್ದ ಪೌಂಡು 2014ರಲ್ಲಿ ಸುಮಾರು 100 ರೂಪಾಯಿಗಳಾಗಿದ್ದುದೇ ಅದಕ್ಕೆ ಕಾರಣವಲ್ಲದೆ, ವ್ಯಾಪಾರದ ಚಾತುರ್ಯವಲ್ಲ. ಮೇಲಾಗಿ, ಆ ಮಾರಾಟವು ಸ್ವೇಚ್ಛೆಯದಲ್ಲ. ಅಷ್ಟರಲ್ಲಿ ಯುನೈಟೆಡ್ ಸ್ಪಿರಿಟ್ಸಿನ ಒಡೆತನಕ್ಕೆ ಬಂದಿದ್ದ ಡಿಯಾಜಿಯೊ ಕಂಪೆನಿಯು ಬ್ರಿಟನ್ನಿನ ಸ್ಪರ್ಧಾನಿಯಂತ್ರಕರ ಆಕ್ಷೇಪಣೆಯಿಂದಾಗಿ ಮಾರಬೇಕಾಯಿತು.

ಮೂರನೆಯ ಖರೀದಿಯೇ ಮನೆಯನ್ನು ಮುಳುಗಿಸಿದುದು. 2005ರಲ್ಲಿ ಪ್ರಾರಂಭವಾದ ಕಿಂಗ್‌ಫಿಷರ್ ವಿಮಾನಸಂಸ್ಥೆಗೆ ಹೊರದೇಶಗಳಿಗೆ ಹಾರಬೇಕೆಂಬ ಆಸೆ. ಆಗಿನ ನಿಯಮದಂತೆ ಅದಕ್ಕೆ 5 ವರ್ಷಗಳ ಅನುಭವ ಬೇಕಾಗಿದ್ದಿತು. ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಪ್ರಾರಂಭಿಸಿದ್ದ ಡೆಕ್ಕನ್ ಸಂಸ್ಥೆಯನ್ನು ಕೂಡಿಸಿಕೊಂಡರೆ ಆ ಅವಧಿಯು ಬೇಗನೆ ತುಂಬುವುದು. 2007ರಲ್ಲಿ ನೂರಕ್ಕೆ 26 ಪಾಲನ್ನು 550 ಕೋಟಿ ರೂಪಾಯಿಗಳಿಗೆ ಕೊಂಡು, 2008ರಲ್ಲಿ ಎರಡನ್ನೂ ಒಂದುಮಾಡಿದರು. ನಮ್ಮೂರ ಕಪಿಲೆಯು ನರಸೀಪುರದಲ್ಲಿ ಕಾವೇರಿಯನ್ನು ಕೂಡಿದಮೇಲೆ ಆ ನೀರನ್ನು ಬೇರ್ಪಡಿಸಬಲ್ಲವರಾರು? ಹಾಗೆಯೇ ಡೆಕ್ಕನ್ನಿನ ನಷ್ಟವೂ ಕಿಂಗ್‌ಫಿಷರಿನ ನಷ್ಟವೂ ಒಂದೇ ಪ್ರವಾಹವಾದುವು. ಅದೇ ವರ್ಷ ಎಣ್ಣೆಯ ಬೆಲೆಯು ಗಗನಕ್ಕೇರಿತು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಹಿಡಿದುವು; ನೌಕರರ ಎಷ್ಟೋ ತಿಂಗಳ ಸಂಬಳವು ಬಾಕಿಯಾಯಿತು. 2016ರಲ್ಲಿ 17 ಬ್ಯಾಂಕುಗಳು ಬಡ್ಡಿಸಹಿತ ಕೇಳಿದ ಹಣವು 9,000 ಕೋಟಿ ರೂಪಾಯಿಗಳನ್ನು ಮೀರಿದ್ದಿತು.

ಆ ಸಾಲಕ್ಕೆ ಹೋಲ್ಡಿಂಗ್ ಕಂಪೆನಿಯು ಜಾಮೀನು ನಿಂತಿದ್ದಿತು. ಆದುದರಿಂದ 1951ರಿಂದ ಬೆಳೆದುಬಂದ ಮರವನ್ನೇ ಮಾರುವ ಕಾಲ ಬಂದಿತು. 2012ರ ನವೆಂಬರಿನಲ್ಲಿ ಗೊತ್ತುಮಾಡಿದ ಬೆಲೆಯಂತೆ, 2013ರ ಜುಲೈನಲ್ಲಿ ಯುನೈಟೆಡ್ ಸ್ಪಿರಿಟ್ಸಿನ ಷೇರುಗಳು ಒಂದಕ್ಕೆ 1,440 ರೂಪಾಯಿಗಳಂತೆ ಡಿಯಾಜಿಯೊ ಕಂಪೆನಿಯ ಪಾಲಾದುವು. 2014ರ ಏಪ್ರಿಲಿನಲ್ಲಿ ಅದೇ ಕಂಪೆನಿಯು ಸಾರ್ವಜನಿಕರಿಂದ ಅದೇ ಷೇರನ್ನು ಕೊಳ್ಳಲು 3,030 ರೂಪಾಯಿಗಳನ್ನು ಕೊಡಲೊಪ್ಪಿತು! ಮುಗ್ಗಟ್ಟಿನಲ್ಲಿ ಮಾರುವವನಿಗೂ ಕಾದು ಮಾರುವವನಿಗೂ ಇರುವ ಭೇದವು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಕಂಡೀತು? 2017ರ ಫೆಬ್ರವರಿಯಲ್ಲಿ ಹೋಲ್ಡಿಂಗ್ ಕಂಪೆನಿಯನ್ನು ಮುಚ್ಚಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಆಜ್ಞೆಮಾಡಿತು. ಬಿಯರ್ ಕಂಪೆನಿಯಾದರೋ 2021ರಲ್ಲಿ ಹಾಲೆಂಡಿನ ಹೈನೆಕೆನ್ ಸಂಸ್ಥೆಯ ಹತೋಟಿಗೆ ಹೋಯಿತು. ಕಾರ್ಖಾನೆಗಳು ಉಳಿದುವು, ಯಜಮಾನಿಕೆ ಉಳಿಯಲಿಲ್ಲ.

ನಮ್ಮ ಹಿರಿಯರು ಯೋಗಕ್ಷೇಮವೆಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳನ್ನು ಅಡಗಿಸಿಟ್ಟಿರುವರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಖರೀದಿಯ ದಿನ ಪತ್ರಿಕೆಗಳು ಕೊಂಡಾಡುವುದು ಯೋಗವನ್ನು. ಪಾಲುದಾರನ ಮನೆ ನಿಲ್ಲುವುದು ಕ್ಷೇಮದಿಂದ. ಆದುದರಿಂದ ಇಂತಹ ಷೇರನ್ನು ಕೊಳ್ಳಲೆಳಸುವ ಗೃಹಸ್ಥರು, ಕಂಪೆನಿಯ ವಾರ್ಷಿಕ ವರದಿಯನ್ನು ತರಿಸಿಕೊಂಡು, ಕೊಂಡ ಸಂಸ್ಥೆಯು ಬಡ್ಡಿಯನ್ನು ಮೀರಿ ಗಳಿಸುತ್ತಿರುವುದೆ, ಅದು ತಾನು ಬಲ್ಲ ಕಸುಬೆ ಎಂಬುದನ್ನು ವಿಚಾರಿಸತಕ್ಕದ್ದು. ಅನಂತರ, ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರಗಳಲ್ಲಿರುವ ಜಾಮೀನುಗಳ ಪಟ್ಟಿಯನ್ನು ತಪ್ಪದೆ ಓದತಕ್ಕದ್ದು. ಹಿರಿಯನು ಯಾರ ಸಾಲಕ್ಕೆ ರುಜುಮಾಡಿರುವನೆಂಬುದು ಅಲ್ಲಿ ತಿಳಿದುಬರುವುದು.